ಕಡಲ ಕೋಟೆಗಳೂ ನಮ್ಮ ಪಾಠಶಾಲೆಗಳೂ

ಮಾರ್ಗಶಿರ ಮಾಸ ತೊಡಗಿತೆಂದರೆ ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳ ಪಾಠಶಾಲೆಗಳ ಬಾಗಿಲಲ್ಲಿ ಬೆಳಗಿನ ಜಾವಕ್ಕೇ ಬಸ್ಸುಗಳು ಬಂದು ನಿಲ್ಲತೊಡಗುವುವು. ಚಳಿಗೆ ಮುದುರಿದ ಮಕ್ಕಳು, ಬುತ್ತಿಯ ಡಬ್ಬಿಯನ್ನು ಕಿಟಕಿಯಿಂದ ಒಳಗೆ ನೀಡುವ ತಾಯಂದಿರು, ಪಟ್ಟಿ ಹಿಡಿದು ಹೆಸರು ಕೂಗುವ ಉಪಾಧ್ಯಾಯರು, ಇವರೆಲ್ಲರ ಗದ್ದಲದಿಂದ ಬೀದಿಗೆ ಬೀದಿಯೇ ಎಚ್ಚರಗೊಳ್ಳುವುದು. ಇದು ಶಾಲಾ ಪ್ರವಾಸದ ಕಾಲ. ಈ ಗದ್ದಲವನ್ನು ನಾವು ಸಂತೋಷದಿಂದಲೇ ನೋಡುತ್ತೇವೆ. ಆದರೆ ಬಸ್ಸು ಹೊರಟು ಹೋದ ಮೇಲೆ, ಅದು ಎಲ್ಲಿಗೆ ಹೋಯಿತೆಂದು ವಿಚಾರಿಸಿದಾಗ ನಮ್ಮ ಸಂತೋಷ ಅನೇಕ ವೇಳೆ ಅರ್ಧಕ್ಕಿಳಿಯುವುದುಂಟು.

ಊರ ಹೊರಗಿನ ಜಲಕ್ರೀಡೆಯ ತೋಟಗಳಿಗೆ ಹೋಗಿ ಸಂಜೆಗೆ ಹಿಂದಿರುಗುವ ಪ್ರವಾಸಗಳ ವಿಷಯವನ್ನು ನಾವು ಇಲ್ಲಿ ಎತ್ತುವುದಿಲ್ಲ. ಮಕ್ಕಳು ಆಡಬೇಕು, ಆಡಲಿ. ಅದಕ್ಕೆ ವಿದ್ಯಾಪ್ರವಾಸವೆಂಬ ಹೆಸರಿಡದಿದ್ದರಾಯಿತು. ಹೆಸರಿಗೆ ತಕ್ಕ ಪ್ರವಾಸಗಳನ್ನು ನಡೆಸುವ ಶಾಲೆಗಳೂ ಇವೆ. ಅವು ಬೇಲೂರು, ಹಳೇಬೀಡು, ಹಂಪೆ, ಬಾದಾಮಿಗಳಿಗೆ ಹೋಗುವುವು. ಕರಾವಳಿಗೆ ಇಳಿದರೆ ಧರ್ಮಸ್ಥಳ, ಉಡುಪಿ, ಮುರ್ಡೇಶ್ವರ. ಇವೆಲ್ಲವೂ ನೋಡತಕ್ಕ ಸ್ಥಳಗಳೇ. ಆದರೆ ಕಾರವಾರದ ಸದಾಶಿವಗಡದಿಂದ ಹಿಡಿದು ಕಾಞಂಗಾಡಿನ ಹೊಸದುರ್ಗದವರೆಗೆ ಕಡಲನ್ನು ನೋಡುತ್ತ ನಿಂತಿರುವ ಕೋಟೆಗಳ ಸಾಲೊಂದಿದೆಯಲ್ಲ, ಆ ಸಾಲಿನಲ್ಲಿ ಒಂದನ್ನಾದರೂ ಕಣ್ಣಾರೆ ಕಂಡ ಬೆಂಗಳೂರಿನ ವಿದ್ಯಾರ್ಥಿ ನೂರಕ್ಕೆ ಎಷ್ಟು ಮಂದಿ ಇರಬಹುದು? ನಮಗೆ ಪರಿಚಿತರಾದ ಉಪಾಧ್ಯಾಯರನ್ನು ಕೇಳಿದೆವು. ಹೆಚ್ಚಿನವರು ನಕ್ಕರು.

ಬಯಲುಸೀಮೆಯ ನಮಗೆ ಕನ್ನಡನಾಡೆಂದರೆ ಗುಡಿ ಗೋಪುರಗಳ, ಕಲ್ಲುಬೆಟ್ಟಗಳ, ಕೆರೆಗಳ ನಾಡು. ಕಡಲೆಂಬುದು ನಕ್ಷೆಯ ಎಡ ಅಂಚಿನಲ್ಲಿ ಬಳಿದ ನೀಲಿ ಬಣ್ಣ. ಕನ್ನಡದ ಅರಸರಿಗೆ ಕಡಲು ಹಾಗಿರಲಿಲ್ಲ. ಗೇರುಸೊಪ್ಪೆಯ ಚೆನ್ನಭೈರಾದೇವಿ ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರಿಂದ ಕಾಳುಮೆಣಸಿನ ರಾಣಿಯೆಂದು ಕರೆಯಿಸಿಕೊಂಡಳು. ಆ ಹೆಸರು ಬಂದದ್ದು ಘಟ್ಟದ ಮೆಣಸು ಅವಳ ಬಂದರುಗಳ ಮೂಲಕ ಹಡಗೇರುತ್ತಿದ್ದುದರಿಂದ. ಅಘನಾಶಿನಿಯ ದಡದಲ್ಲಿರುವ ಮಿರ್ಜಾನಿನ ಕೋಟೆಯನ್ನು ಇಂದಿಗೂ ಜನ ಅವಳ ಹೆಸರಿನೊಡನೆಯೇ ನೆನೆಯುವರು. ಉಳ್ಳಾಲದ ಅಬ್ಬಕ್ಕ ಅದೇ ಪೋರ್ಚುಗೀಸರಿಗೆ ಕಪ್ಪ ಕೊಡಲೊಲ್ಲದೆ ಕಾದಾಡಿದಳು; ಈಗ ನಮ್ಮ ಕರಾವಳಿ ರಕ್ಷಣಾ ಪಡೆಯ ಹಡಗೊಂದಕ್ಕೆ ಅವಳ ಹೆಸರಿದೆ. ಪೋರ್ಚುಗೀಸರು ೧೫೬೮-೬೯ರಲ್ಲಿ ಮಂಗಳೂರು, ಹೊನ್ನಾವರ, ಬಸರೂರುಗಳಲ್ಲಿ ಕೋಟೆ ಕಟ್ಟಿ ಕುಳಿತರು. ಅವರಿಗೆ ಬೇಕಾದುದು ಮೆಣಸೊಂದೇ ಅಲ್ಲ, ಅಕ್ಕಿ; ಗೋವೆಯ ಅನ್ನ ನಮ್ಮ ಕರಾವಳಿಯ ಗದ್ದೆಗಳಿಂದ ಹೋಗಬೇಕಾಗಿದ್ದಿತು. ೧೬೨೩ರಲ್ಲಿ ಗೋವೆಯಿಂದ ಹೊನ್ನಾವರಕ್ಕೆ ಬಂದಿಳಿದು, ಗೇರುಸೊಪ್ಪೆಯ ಘಟ್ಟವನ್ನೇರಿ ಇಕ್ಕೇರಿಗೆ ಹೋದ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಲ್ಲೆ ಕೆಳದಿಯ ವೆಂಕಟಪ್ಪನಾಯಕನ ಆಸ್ಥಾನವನ್ನು ಕಂಡು ಬರೆದಿಟ್ಟಿರುವನು. ಮುಂದೆ ಸುಮಾರು ಮೂವತ್ತು ವರ್ಷಗಳಲ್ಲಿ, ಅದೇ ಮನೆತನದ ಶಿವಪ್ಪನಾಯಕನು ಪೋರ್ಚುಗೀಸರ ಆ ಮೂರು ಕೋಟೆಗಳನ್ನೂ ಒಂದೊಂದಾಗಿ ಕಿತ್ತುಕೊಂಡನು. ಮಲೆನಾಡಿನ ಕಾಡಿನ ನಡುವೆ ರಾಜಧಾನಿಯನ್ನಿಟ್ಟುಕೊಂಡ ಅರಸನು ಕಡಲ ದಡದ ಅಳಿವೆಗಳನ್ನೆಲ್ಲ ತನ್ನ ಕೈಯಲ್ಲಿಟ್ಟುಕೊಳ್ಳುವುದಕ್ಕೆ ಏಕೆ ಅಷ್ಟು ಶ್ರಮಪಟ್ಟನೆಂಬುದನ್ನು ಏಳನೆಯ ತರಗತಿಯ ಹುಡುಗನೊಬ್ಬನು ತಾನಾಗಿ ಊಹಿಸುವಂತೆ ಮಾಡಿದ ಉಪಾಧ್ಯಾಯನು ಆ ವರ್ಷದ ಚರಿತ್ರೆಯ ಪಾಠವನ್ನು ಮುಗಿಸಿದಂತೆಯೇ ಸರಿ.

ಆ ಶಿವಪ್ಪನಾಯಕನು ೧೬೫೦ರ ಸುಮಾರಿಗೆ ಕಟ್ಟಿಸಿದನೆಂದು ಹೇಳಲಾಗುವ ಬೇಕಲ ಕೋಟೆಯನ್ನೇ ನಾವು ಈ ಲೇಖನಕ್ಕೆ ಮುಖ್ಯವಾಗಿ ಆರಿಸಿಕೊಂಡಿದ್ದೇವೆ. ಕೋಲತ್ತಿರಿ ಅರಸರ ಕಾಲದಲ್ಲಿಯೇ ಅಲ್ಲಿ ಕೋಟೆಯೊಂದಿದ್ದಿತು, ನಾಯಕನು ಅದನ್ನು ಬಲಪಡಿಸಿದನಷ್ಟೆ ಎನ್ನುವವರೂ ಉಂಟು. ಮಕ್ಕಳಿಗೆ ಎರಡು ಮಾತನ್ನೂ ಹೇಳತಕ್ಕದ್ದು. ೧೭೬೩ರಲ್ಲಿ ಹೈದರಲ್ಲಿಯು ಬಿದನೂರನ್ನು ಗೆದ್ದ ಮೇಲೆ ಅದು ಮೈಸೂರಿನವರ ಕೈಸೇರಿತು. ಟಿಪ್ಪುವಿನ ಕಾಲದಲ್ಲಿ ದಂಡಿನ ಠಾಣೆಯಾಯಿತು. ಅವನ ತರುವಾಯ ಕುಂಪಣಿಯವರ ಪಾಲಾಯಿತು. ಸುಮಾರು ನಲವತ್ತು ಎಕರೆಯ ಆವರಣ. ಮೂರು ಮಗ್ಗುಲಲ್ಲಿ ಕಡಲಿನ ಸಾಮೀಪ್ಯ. ಗೋಡೆ ಏಳೆಂಟು ಆಳೆತ್ತರ. ಚಲನಚಿತ್ರ ನೋಡುವ ಮಕ್ಕಳಿಗೆ ಇದು ೧೯೯೫ರ 'ಬಾಂಬೆ' ಚಿತ್ರದ ಹಾಡೊಂದರಿಂದ ಮೊದಲೇ ಪರಿಚಿತವಾಗಿರಬಹುದು. ಅದಕ್ಕೆ ಉಪಾಧ್ಯಾಯರು ಮುಖ ಸಿಂಡರಿಸಬೇಕಾಗಿಲ್ಲ. ಕುತೂಹಲ ಯಾವ ಬಾಗಿಲಿನಿಂದ ಬಂದರೇನು?

ಕೋಟೆಯೊಳಗೆ ಹೋದ ಮಗುವಿನ ಕಣ್ಣಿಗೆ ಮೊದಲು ಬೀಳಬೇಕಾದುದು ಕಲ್ಲು. ಬೆಂಗಳೂರಿನ ಮಗು ಕೋಟೆಯೆಂದರೆ ಬೂದುಬಣ್ಣದ ಗಟ್ಟಿ ಕಣಶಿಲೆಯೆಂದು ತಿಳಿದಿರುವುದು. ಇಲ್ಲಿಯ ಗೋಡೆ ಕೆಂಪು, ತೂತುತೂತಾದ ಮುರಕಲ್ಲಿನದು. ಉತ್ತರ ಕನ್ನಡದವರು ಚಿರೇಕಲ್ಲೆನ್ನುವರು, ಮಲೆಯಾಳಿಗಳು ಚೆಂಗಲ್ಲೆನ್ನುವರು. ನೆಲದಿಂದ ತೆಗೆದಾಗ ಮೆತ್ತಗಿದ್ದು, ಉಳಿಗೆ ಸುಲಭವಾಗಿ ಬಗ್ಗಿ, ಗಾಳಿ ಬಿಸಿಲಿಗೆ ಒಡ್ಡಿದಂತೆ ಗಟ್ಟಿಯಾಗುವ ಕಲ್ಲು ಅದು. ಕರಾವಳಿಯ ಮನೆಗಳನ್ನು ಇಂದಿಗೂ ಅದರಿಂದಲೇ ಕಟ್ಟುವರು. ಬಳಿಕ ಗೋಡೆಯಲ್ಲಿ ಕೊರೆದ ಗುಂಡಿಕ್ಕುವ ಕಂಡಿಗಳು. ಅವು ಒಂದೇ ಮಟ್ಟದಲ್ಲಿಲ್ಲ. ಮೇಲಿನ ಕಂಡಿ ದೂರದ ವೈರಿಗೆ, ಅದರ ಕೆಳಗಿನದು ಸಮೀಪಿಸಿದವನಿಗೆ, ಎಲ್ಲಕ್ಕಿಂತ ಕೆಳಗಿನದು ಗೋಡೆಯ ಬುಡಕ್ಕೇ ಬಂದವನಿಗೆ. ಒಂದೊಂದು ಕಂಡಿಗೂ ಒಬ್ಬೊಬ್ಬ ಹುಡುಗನನ್ನು ಕಣ್ಣಿಟ್ಟು ನಿಲ್ಲಿಸಿ, ಕಾಣುವುದೇನೆಂದು ಕೂಗಿ ಹೇಳಿಸಿದರೆ ಸಾಕು, ರೇಖಾಗಣಿತದ ಪಾಠವೊಂದು ತಾನಾಗಿ ನಡೆದುಹೋಗುವುದು. ಮೆಟ್ಟಿಲುಗಳುಳ್ಳ ದೊಡ್ಡ ಕೊಳವಿದೆ. ಉಪ್ಪುನೀರಿನ ಮಗ್ಗುಲಲ್ಲಿ ಸಿಹಿನೀರು ಹೇಗೆ ಬಂದಿತು, ಮುತ್ತಿಗೆ ಬಿದ್ದಾಗ ಎಷ್ಟು ಮಂದಿಗೆ ಎಷ್ಟು ದಿನ ಸಾಕು, ಇದನ್ನು ಕೇಳಬೇಕು. ನಡುವಿನ ಕಾವಲು ಬುರುಜಿಗೆ ಅಗಲವಾದ ಇಳಿಜಾರು ದಾರಿ ಏಕೆ, ಮೆಟ್ಟಿಲು ಏಕಿಲ್ಲ? ಫಿರಂಗಿಯನ್ನು ಮೆಟ್ಟಿಲ ಮೇಲೆ ಎಳೆಯಲಾದೀತೆ? ಬುರುಜನ್ನೇರಿ ನಿಂತರೆ ತೆಂಕಣಕ್ಕೂ ಬಡಗಣಕ್ಕೂ ಕರಾವಳಿಯ ಅಂಚು ಬಹುದೂರ ತೋರುವುದು; ಮಧ್ಯಾಹ್ನದ ಬಿಸಿಲಿನಲ್ಲಿ ಮಾತ್ರ ಅಲ್ಲಿ ನಿಲ್ಲಿಸಬಾರದು.

ನಾವು ಕೆಲವು ವರ್ಷಗಳ ಹಿಂದೆ ಬೆಂಗಳೂರಿನ ಒಂದು ಶಾಲೆಯವರೊಡನೆ ಅಲ್ಲಿಗೆ ಹೋಗಿದ್ದೆವು. ಶಾಲೆಯ ಹೆಸರು ಇಲ್ಲಿ ಬೇಡ. ಪ್ರವಾಸದ ಪಟ್ಟಿಯಲ್ಲಿ ಕೋಟೆಗೆ ಇಪ್ಪತ್ತು ನಿಮಿಷ, ಪಕ್ಕದ ಕಡಲಕರೆಗೆ ಎರಡು ಗಂಟೆಯೆಂದು ಬರೆದಿದ್ದಿತು. ಮಕ್ಕಳು ಬುರುಜನ್ನೇರಿ ಚಿತ್ರ ತೆಗೆದುಕೊಂಡು, ತಮ್ಮ ತಮ್ಮೊಳಗೆ ಇಂಗ್ಲಿಷಿನಲ್ಲಿ ಹರಟುತ್ತ ಇಳಿದು ಬರುತ್ತಿದ್ದರು. ಕೊಳದ ಬಳಿ ಆ ಜಿಲ್ಲೆಯದೇ ಆದ ಕನ್ನಡ ಶಾಲೆಯೊಂದರ ಮಕ್ಕಳು ಬುತ್ತಿ ಬಿಚ್ಚಿ ಕುಳಿತಿದ್ದರು. ಅವರಲ್ಲಿ ಹತ್ತು ಹನ್ನೊಂದರ ಹುಡುಗಿಯೊಬ್ಬಳು ನಮ್ಮ ಬಸ್ಸಿನ ಮಕ್ಕಳ ಅಂಗಿಯ ಮೇಲಿನ ಗುರುತನ್ನು ಓದಿ, "ಬೆಂಗಳೂರಿನಿಂದ ಬಂದದ್ದಾ ನೀವು? ಅಲ್ಲಿ ಈಗ ಕನ್ನಡ ಇಲ್ವಾ?" ಎಂದು ಕೇಳಿದಳು. ಅವಳ ಮಾತಿನಲ್ಲಿ ಕೊಂಕಿರಲಿಲ್ಲ. ತಿಳಿಯಬೇಕೆಂಬ ಆಸೆಯಿಂದಲೇ ಕೇಳಿದ್ದಳು. ನಮ್ಮ ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿದರು. ನಮಗೂ ಒಡನೆ ಉತ್ತರ ತೋಚಲಿಲ್ಲ.

ಆ ಹುಡುಗಿಯ ಪ್ರಶ್ನೆಯ ತೂಕವನ್ನು ಅರಿಯಬೇಕಾದರೆ ಅವಳ ಊರಿನ ಕಥೆಯನ್ನು ಅರಿಯಬೇಕು. ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಕಾಸರಗೋಡು ತಾಲೂಕು, ೧೯೫೫ರ ರಾಜ್ಯ ಪುನರ್ವಿಂಗಡಣಾ ಆಯೋಗದ ಶಿಫಾರಸಿನಂತೆ, ೧೯೫೬ರ ನವೆಂಬರ್ ೧ರಂದು ಕೇರಳಕ್ಕೆ ಸೇರಿತು. ನಾವು ಏಕೀಕರಣದ ಹಬ್ಬವನ್ನಾಚರಿಸುವ ದಿನವೇ ಅವರ ಅಗಲಿಕೆಯ ದಿನವೂ ಆಗಿರುವುದನ್ನು ನಮ್ಮ ನಗರದ ರಾಜ್ಯೋತ್ಸವದ ಚಪ್ಪರಗಳಲ್ಲಿ ಎಷ್ಟು ಮಂದಿ ನೆನೆಯುವರು? ೧೯೬೭ರಲ್ಲಿ ಮಹಾಜನ ಆಯೋಗವು ಚಂದ್ರಗಿರಿ ಹೊಳೆಯ ಉತ್ತರಕ್ಕಿರುವ ಭಾಗವನ್ನು ಆಗಿನ ಮೈಸೂರು ರಾಜ್ಯಕ್ಕೆ ಸೇರಿಸಬೇಕೆಂದು ವರದಿ ಕೊಟ್ಟಿತು. ಅದು ಜಾರಿಗೆ ಬರಲಿಲ್ಲ. ೧೯೮೪ರಲ್ಲಿ ಕಾಸರಗೋಡು ಪ್ರತ್ಯೇಕ ಜಿಲ್ಲೆಯಾಯಿತು. ಮಂಜೇಶ್ವರದ ಗೋವಿಂದ ಪೈಗಳು, ನೂರು ವರ್ಷ ತುಂಬಿ ಬಾಳಿದ ಕಯ್ಯಾರ ಕಿಞ್ಞಣ್ಣ ರೈಗಳು, ಇವರ ನುಡಿ ಆ ಮಣ್ಣಿನದು. ಆ ಜಿಲ್ಲೆಯ ಕನ್ನಡ ಶಾಲೆಗಳು ಇಂದಿಗೂ ನಡೆಯುತ್ತಿವೆ. ಕನ್ನಡ ಬಾರದ ಉಪಾಧ್ಯಾಯರನ್ನು ಅಲ್ಲಿಗೆ ನೇಮಿಸಿದಾಗಲೆಲ್ಲ ತಂದೆತಾಯಿಗಳು ಬೀದಿಗಿಳಿಯಬೇಕಾಗಿ ಬಂದಿದೆ. ತಾಯ್ನುಡಿಯಲ್ಲಿ ಪ್ರಾಥಮಿಕ ಶಿಕ್ಷಣದ ಸೌಕರ್ಯವನ್ನು ಒದಗಿಸಬೇಕೆಂದು ಸಂವಿಧಾನದ ೩೫೦ಎ ವಿಧಿಯು ಹೇಳುವುದಾದರೂ, ಹೇಳಿದುದನ್ನು ಪಡೆಯುವುದಕ್ಕೆ ಹೋರಾಡಬೇಕಾದವರು ಅವರು. ನಾವು ಹೋರಾಡದೆ ಪಡೆದು, ಪಡೆದುದನ್ನು ಬಸ್ಸಿನಲ್ಲಿಯೇ ಬಿಟ್ಟಿಳಿಯುವವರು.

ಇಲ್ಲಿ ನಮ್ಮ ಪಕ್ಷಕ್ಕೆ ಹಿತವಲ್ಲದ ಮಾತೊಂದನ್ನು ಹೇಳಬೇಕಾಗಿದೆ. ಬೇಕಲ ಕೋಟೆಗೆ ಮಕ್ಕಳನ್ನು ಕರೆದೊಯ್ದು, "ಇದು ನಮ್ಮದು, ಅವರು ಕಸಿದುಕೊಂಡರು" ಎಂದು ಆವೇಶದಿಂದ ಭಾಷಣ ಮಾಡುವ ಉಪಾಧ್ಯಾಯರು ಇರಬಹುದು. ಅಂಥವರು ನಕ್ಷೆಯನ್ನು ಮತ್ತೊಮ್ಮೆ ನೋಡಬೇಕು. ಬೇಕಲವು ಚಂದ್ರಗಿರಿ ಹೊಳೆಯ ದಕ್ಷಿಣಕ್ಕಿದೆ. ಕೆಳದಿಯವರದೇ ಎನ್ನುವ ಚಂದ್ರಗಿರಿ ಕೋಟೆಯೂ ಹೊಳೆಯ ತೆಂಕಣ ದಡದಲ್ಲಿಯೇ ಇದೆ. ಮಹಾಜನ ಆಯೋಗದ ಗೆರೆಯಂತೆ ನಡೆದಿದ್ದರೂ ಈ ಎರಡು ಕೋಟೆಗಳು ಕೇರಳದಲ್ಲಿಯೇ ಉಳಿಯುತ್ತಿದ್ದುವು. ಕಾಸರಗೋಡಿನ ಕನ್ನಡಿಗರ ನ್ಯಾಯವಾದ ಬೇಡಿಕೆಯನ್ನು ನಾವು ಎಂದೂ ಕೈಬಿಟ್ಟವರಲ್ಲ. ಆದರೆ ತಪ್ಪು ನಕ್ಷೆಯ ಮೇಲೆ ನಿಂತ ವಾದ ಎದುರಾಳಿಯ ಮೊದಲ ಪ್ರಶ್ನೆಗೇ ಬೀಳುವುದು. ಮಕ್ಕಳಿಗೆ ಕಲಿಸಬೇಕಾದುದು ಬೇರೊಂದಿದೆ. ಕಾಞಂಗಾಡಿನಲ್ಲಿ ಕೆಳದಿಯವರು ಕಟ್ಟಿದ ಕೋಟೆಯನ್ನು ಕನ್ನಡಿಗರು ಹೊಸದುರ್ಗವೆನ್ನುವರು, ಮಲೆಯಾಳಿಗಳು ಪುದಿಯಕೋಟವೆನ್ನುವರು. ಎರಡರ ಅರ್ಥವೂ ಒಂದೇ. ಒಂದು ಕೋಟೆಯ ನೆರಳಿನಲ್ಲಿ ಎರಡು ನುಡಿಗಳ ಜನ ನೂರಾರು ವರ್ಷ ಅಂಗಡಿ ಇಟ್ಟು, ಬೇಸಾಯ ಮಾಡಿ ಬಾಳಿದರೆಂಬುದು ಆ ಹೆಸರುಗಳಲ್ಲಿಯೇ ಇದೆ. ತುಳು, ಕೊಂಕಣಿ, ಬ್ಯಾರಿಗಳೂ ಅದೇ ಪೇಟೆಯವು. ಮಲೆಯಾಳಿ ನೆರೆಯವನನ್ನು ದ್ವೇಷಿಸದೆಯೇ ಕನ್ನಡ ಶಾಲೆಗೆ ಕನ್ನಡದ ಮೇಷ್ಟರನ್ನು ಕೇಳಬಹುದು. ಕೋಟೆಯಲ್ಲಿ ಎಲ್ಲೆಲ್ಲಿ ಕನ್ನಡದ ಫಲಕವಿಲ್ಲವೋ ಅಲ್ಲಲ್ಲಿ ಒಂದನ್ನು ನಿಲ್ಲಿಸಿರೆಂದು ಕೇಂದ್ರದ ಪುರಾತತ್ತ್ವ ಇಲಾಖೆಯನ್ನೂ ಕೇಳಬಹುದು.

ಪ್ರವಾಸದಿಂದ ಏನಾಗುವುದೆಂದು ಕೇಳುವವರಿಗೆ ನಾವು ಆಲೂರು ವೆಂಕಟರಾಯರನ್ನು ನೆನಪಿಸುತ್ತೇವೆ. ೧೯೦೫ರಲ್ಲಿ ಆ ತರುಣ ವಕೀಲರು ವಿಜಯನಗರದ ಹಾಳು ಊರನ್ನು ಕಂಡು ಬಂದರು. ಆ ದರ್ಶನವೇ ಅವರ ಬಾಳಿನ ದಾರಿಯನ್ನು ತಿರುಗಿಸಿತು. ೧೯೧೭ರಲ್ಲಿ ಅವರ 'ಕರ್ನಾಟಕ ಗತವೈಭವ' ಹೊರಬಂದಿತು. ಅದಕ್ಕೆ ಎರಡು ವರ್ಷ ಮೊದಲು, ೧೯೧೫ರಲ್ಲಿ, ಹುಟ್ಟಿದ ಸಾಹಿತ್ಯ ಪರಿಷತ್ತಿನ ಮಂದಿರ ನಮ್ಮ ಚಾಮರಾಜಪೇಟೆಯಲ್ಲಿಯೇ ಇದೆ. ಮುಂದೆ ನಡೆದುದನ್ನೆಲ್ಲ ವಾಚಕರು ಬಲ್ಲರು. ಪ್ರತಿಯೊಂದು ಬಸ್ಸಿನಲ್ಲಿಯೂ ಒಬ್ಬ ಆಲೂರರು ಕುಳಿತಿರುವರೆಂದು ನಾವು ಹೇಳುವುದಿಲ್ಲ. ಆದರೆ ಕುಳಿತಿದ್ದರೆ, ಇಪ್ಪತ್ತು ನಿಮಿಷದ ಭೇಟಿಯಲ್ಲಿ ಅವರಿಗೆ ಕಾಣುವುದು ಐಸ್‌ಕ್ರೀಮಿನ ಗಾಡಿಯೊಂದೇ.

ಈಗ ಭಯದ ಮಾತು. ೨೦೨೪ರ ಡಿಸೆಂಬರ್ ೧೦ರಂದು ಕೋಲಾರ ಜಿಲ್ಲೆಯ ವಸತಿ ಶಾಲೆಯೊಂದರಿಂದ ಪ್ರವಾಸಕ್ಕೆ ಬಂದಿದ್ದ ನಾಲ್ವರು ಬಾಲಕಿಯರು ಮುರ್ಡೇಶ್ವರದಲ್ಲಿ ಕಡಲಿನ ಪಾಲಾದರು. ಆ ಸುದ್ದಿಯನ್ನೋದಿದ ತಾಯಿತಂದೆಗಳು ಕರಾವಳಿಯ ಪ್ರವಾಸಕ್ಕೆ ಒಪ್ಪಿಗೆಯ ಚೀಟಿಗೆ ಸಹಿ ಹಾಕಲು ಹಿಂಜರಿದರೆ ಅವರನ್ನು ಯಾರೂ ಆಕ್ಷೇಪಿಸಲಾಗದು. ಮುಖ್ಯೋಪಾಧ್ಯಾಯರು ಹೆದರಿ, "ಇನ್ನು ಕಡಲ ಕಡೆಗೇ ಬೇಡ" ಎಂದರೆ ಅದಕ್ಕೂ ಕಾರಣವಿದೆ. ಹಾಗಾದರೆ ಕೋಟೆಗೆ ಹೋಗಿರೆಂದು ನಾವು ಯಾವ ಮುಖದಿಂದ ಹೇಳುತ್ತಿದ್ದೇವೆ?

ನಮ್ಮ ಉತ್ತರವಿದು. ಬಯಲುಸೀಮೆಯ ಮಗುವಿಗೆ ಕಡಲು ಹೊಸದು. ಅಲೆ ಹಿಂದಕ್ಕೆ ಸೆಳೆಯುವ ಬಗೆ ಅದಕ್ಕೆ ತಿಳಿಯದು; ಕೆರೆಯ ನೀರಿನಂತೆಯೇ ಎಂದುಕೊಂಡು ಇಳಿಯುವುದು. ಕೆಲಸವಿಲ್ಲದ ನೂರು ಮಕ್ಕಳನ್ನು ಮರಳಿನ ಮೇಲೆ ಎರಡು ಗಂಟೆ ಬಿಟ್ಟು, ಶಿಳ್ಳೆಯೊಂದನ್ನೇ ನೆಚ್ಚಿ ನಿಂತ ನಾಲ್ವರು ಉಪಾಧ್ಯಾಯರು ಏನು ಮಾಡಬಲ್ಲರು? ಕೋಟೆಯ ಪ್ರವಾಸವು ಸರಿಯಾಗಿ ನಡೆದರೆ ಕಡಲನ್ನು ಗೋಡೆಯ ಮೇಲಿನಿಂದ ನೋಡುವ ಪ್ರವಾಸ. ನೀರಿಗಿಳಿಯುವುದು ಪಟ್ಟಿಯಲ್ಲಿಯೇ ಇರಕೂಡದು. ಇಳಿಸಲೇಬೇಕೆಂದಿದ್ದರೆ ಸ್ಥಳದ ಜೀವರಕ್ಷಕರ ಮಾತನ್ನು ಮೀರದೆ, ಹತ್ತು ಹತ್ತು ಮಕ್ಕಳನ್ನು ಮಾತ್ರ, ಪಾದ ನೆನೆಯುವಷ್ಟಕ್ಕೆ. ಕೋಟೆಯಲ್ಲಿಯೂ ಅಪಾಯವಿಲ್ಲವೆಂದಲ್ಲ. ತಡೆಗಂಬಿಯಿಲ್ಲದ ಗೋಡೆಗಳಿವೆ, ಮಳೆಗಾಲದಲ್ಲಿ ಮುರಕಲ್ಲಿನ ಮೇಲೆ ಪಾಚಿ ಹಬ್ಬಿ ಕಾಲು ಜಾರುವುದು, ಹಾಳುಬಿದ್ದ ಬಾವಿಗಳ ಬಾಯಿಗೆ ಹುಲ್ಲು ಮುಚ್ಚಿರುವುದು. ಆದ್ದರಿಂದ ಜೂನಿನಿಂದ ಸೆಪ್ಟೆಂಬರಿನವರೆಗೆ ಅತ್ತ ಹೋಗಲೇಬಾರದು. ಹತ್ತು ಮಕ್ಕಳಿಗೆ ಒಬ್ಬ ಹಿರಿಯರೆಂಬ ಲೆಕ್ಕಕ್ಕೆ ಒಬ್ಬರೂ ಕಡಮೆಯಾಗಬಾರದು. ಹೆಣ್ಣುಮಕ್ಕಳೊಡನೆ ಉಪಾಧ್ಯಾಯಿನಿಯರು ಸಾಲದಿದ್ದರೆ ತಾಯಂದಿರನ್ನು ಕರೆದುಕೊಂಡು ಹೋಗಲಿ. ಅವರೂ ಕಡಲ ಕೋಟೆಯನ್ನು ಕಂಡವರಲ್ಲ. ರಾತ್ರಿಯಿಡೀ ಬಸ್ಸೋಡಿಸಿದ ಚಾಲಕನಿಂದ ಹಗಲೂ ಓಡಿಸುವ ರೂಢಿಯನ್ನಂತೂ ಒಡನೆ ನಿಲ್ಲಿಸಬೇಕು. ಬೆಂಗಳೂರಿನಿಂದ ಮಂಗಳೂರನ್ನು ಹಾದು ಕಾಸರಗೋಡಿನ ಮೇಲೆ ಕಣ್ಣೂರಿನ ಕಡೆಗೆ ಹೋಗುವ ರಾತ್ರಿಯ ರೈಲು ಇರುವಾಗ ಬಸ್ಸೇ ಏಕೆ ಬೇಕೆಂಬುದೂ ನಮಗೆ ಅರ್ಥವಾಗದು.

ಖರ್ಚಿನ ವಿಷಯ ಬಂದಾಗ ಮಾತ್ರ ನಮ್ಮ ಬಾಯಿ ಕಟ್ಟುವುದು. ಮಲ್ಲೇಶ್ವರದ ಸ್ಥಿತಿವಂತರ ಮಗುವಿಗೆ ಮೂರು ದಿನದ ಪ್ರವಾಸ ಹೊರೆಯಲ್ಲ. ಅದೇ ಬಡಾವಣೆಯ ಹಿಂದಿನ ಗಲ್ಲಿಯಲ್ಲಿ, ಸರಕಾರಿ ಶಾಲೆಗೆ ಹೋಗುವ ಹೂವಾಡಗಿತ್ತಿಯ ಮಗ ಪ್ರವಾಸದ ದಿನ ಜ್ವರವೆಂದು ಮನೆಯಲ್ಲಿ ಮಲಗುವನು. ಸರಕಾರದ ಚಿಣ್ಣರ ಕರ್ನಾಟಕ ದರ್ಶನದಂಥ ಯೋಜನೆಗಳು ಇಂಥ ಮಕ್ಕಳಿಗಾಗಿಯೇ ಇರುವುವು. ಅವುಗಳಲ್ಲಿ ಕರಾವಳಿಯ ಕೋಟೆಗೊಂದು ದಿನ ದೊರೆಯಲೆಂದು ಸಂಬಂಧಪಟ್ಟವರನ್ನು ಕೇಳಿಕೊಳ್ಳುತ್ತೇವೆ. ನಮ್ಮ ಬಡಾವಣೆಗಳ ಖಾಸಗಿ ಶಾಲೆಗಳು ಬಸ್ಸಿನಲ್ಲಿ ಐದು ಜಾಗಗಳನ್ನು ನೆರೆಯ ಸರಕಾರಿ ಶಾಲೆಯ ಮಕ್ಕಳಿಗೆ ಬಿಟ್ಟುಕೊಟ್ಟರೆ ಯಾರ ಬೊಕ್ಕಸವೂ ಬರಿದಾಗದು.

ಹೋಗಲಾಗದವರು ಮನೆಯ ಬಾಗಿಲಿನಿಂದಲೇ ತೊಡಗಬಹುದು. ಚಾಮರಾಜಪೇಟೆಯಿಂದ ಕಾಲ್ನಡಿಗೆಯ ದೂರದಲ್ಲಿ, ಕೃಷ್ಣರಾಜೇಂದ್ರ ಮಾರುಕಟ್ಟೆಯ ಮಗ್ಗುಲಲ್ಲಿ, ನಮ್ಮ ಊರಿನ ಕೋಟೆಯ ಒಂದು ತುಂಡು ಉಳಿದಿದೆ. ಕೆಂಪೇಗೌಡರು ೧೫೩೭ರಲ್ಲಿ ಕಟ್ಟಿಸಿದ ಮಣ್ಣಿನ ಕೋಟೆಯನ್ನು ೧೭೬೧ರಲ್ಲಿ ಹೈದರಲ್ಲಿಯು ಕಲ್ಲಿನದಾಗಿಸಿದನೆಂದು ಹೇಳುವರು. ೧೭೯೧ರ ಮಾರ್ಚ್ ೨೧ರ ರಾತ್ರಿ ಕಾರ್ನ್‌ವಾಲಿಸನ ದಂಡು ಗೋಡೆಯೊಡೆದು ಒಳನುಗ್ಗಿದ ಜಾಗಕ್ಕೆ ಗುರುತಿನ ಕಲ್ಲೊಂದಿದೆ. ಅದರ ಮುಂದೆ ತರಕಾರಿಯ ಗಾಡಿಗಳು ನಿಂತಿರುವುವು. ೨೦೧೨ರಲ್ಲಿ ಮೆಟ್ರೋ ರೈಲಿಗಾಗಿ ನೆಲ ಅಗೆದಾಗ ಅಲ್ಲಿಯೇ ಸಮೀಪದಲ್ಲಿ ಎರಡು ಹಳೆಯ ಫಿರಂಗಿಗಳು ದೊರೆತುವು. ಇದನ್ನು ಮೊದಲು ನೋಡಿ, ಇದರ ಕಣಶಿಲೆಯನ್ನು ಮುಟ್ಟಿ, ಆಮೇಲೆ ಬೇಕಲದ ಮುರಕಲ್ಲನ್ನು ಮುಟ್ಟಿದ ಮಗು ಎರಡು ಕೋಟೆಗಳನ್ನೂ ಮರೆಯಲಾರದು. ದಾರಿಯಲ್ಲಿ ಸಕಲೇಶಪುರದ ಮಂಜರಾಬಾದಿನಲ್ಲಿ ಇಳಿಯಲಾದರೆ, ಟಿಪ್ಪು ೧೭೯೨ರ ಹೊತ್ತಿಗೆ ಮುಗಿಸಿದ ಎಂಟು ಮೂಲೆಯ ನಕ್ಷತ್ರಾಕಾರದ ಕೋಟೆಯನ್ನು ಕಾಣಬಹುದು. ಮಂಗಳೂರಿನ ಬೋಳೂರಿನಲ್ಲಿ ಗುರುಪುರ ಹೊಳೆಗೆ ಶತ್ರುವಿನ ಹಡಗು ನುಗ್ಗದಂತೆ ಅವನೇ ೧೭೮೪ರಲ್ಲಿ ಕಟ್ಟಿಸಿದ ಸುಲ್ತಾನ್ ಬತ್ತೇರಿ ಅರ್ಧ ಗಂಟೆಯ ಕೆಲಸ. ಬಡಗಣಕ್ಕೆ ಹೋಗಲಿಚ್ಛಿಸುವವರಿಗೆ ಮಿರ್ಜಾನೇ ಸಾಕು. ಹೆದ್ದಾರಿಗೆ ಹತ್ತಿರ, ಹೊಳೆಯ ದಡದ ಹಸುರಿನ ನಡುವೆ, ಬೇಕಲಕ್ಕಿಂತ ಚಿಕ್ಕದು, ಮಕ್ಕಳನ್ನು ಎಣಿಸುವುದಕ್ಕೂ ಸುಲಭ.

ನಮ್ಮ ಮುಖ್ಯ ಸೂಚನೆಯೊಂದು ಉಳಿದಿದೆ. ಬೇಕಲಕ್ಕೆ ಹೋಗುವ ಬೆಂಗಳೂರಿನ ಶಾಲೆಯು ಎರಡು ತಿಂಗಳು ಮುಂಚಿತವಾಗಿ ಕಾಸರಗೋಡಿನ ಕನ್ನಡ ಶಾಲೆಯೊಂದಕ್ಕೆ ಪತ್ರ ಬರೆಯಲಿ. ಉಪಾಧ್ಯಾಯರಲ್ಲ, ಮಕ್ಕಳು ಬರೆಯಲಿ, ತಮ್ಮ ಕೈಯಿಂದ, ಕನ್ನಡದಲ್ಲಿ. ಆ ಶಾಲೆಯ ಮಕ್ಕಳೇ ಕೋಟೆಯನ್ನು ಇವರಿಗೆ ತೋರಿಸಲಿ. ಮರುವರ್ಷ ಅವರು ಬೆಂಗಳೂರಿಗೆ ಬಂದಾಗ ಇವರು ತಮ್ಮ ಮನೆಗಳಲ್ಲಿ ಇಳಿಸಿಕೊಂಡು, ಮಾರುಕಟ್ಟೆಯ ಕೋಟೆಯನ್ನೂ ಪರಿಷತ್ತಿನ ಮಂದಿರವನ್ನೂ ತೋರಿಸಲಿ. ಇದಕ್ಕೆ ಯಾವ ಸರಕಾರದ ಅಪ್ಪಣೆಯಿಗಾಗಿಯೂ ಕಾಯಬೇಕಾಗಿಲ್ಲ, ಪ್ರವಾಸದ ಅನುಮತಿಯೊಂದನ್ನುಳಿದು. ಕೊಳದ ಬಳಿ ಪ್ರಶ್ನೆ ಕೇಳಿದ ಆ ಹುಡುಗಿ ಈಗ ದೊಡ್ಡವಳಾಗಿರಬಹುದು. ಅವಳ ತಂಗಿಯರೂ ತಮ್ಮಂದಿರೂ ಅದೇ ಶಾಲೆಯ ಬೆಂಚುಗಳ ಮೇಲಿರಬೇಕು.

ಈ ಸಾಲಿನಲ್ಲಿ ಇಂಥ ಪ್ರವಾಸವನ್ನು ಕೈಕೊಳ್ಳುವ ಶಾಲೆಗಳು ಮಕ್ಕಳು ಬರೆದ ವರದಿಗಳನ್ನು ನಮಗೆ ಕಳುಹಿಸಿದರೆ ಸಂತೋಷದಿಂದ ಪ್ರಕಟಿಸುವೆವು. ಕಾಗದದ ಒಂದೇ ಮಗ್ಗುಲಿನಲ್ಲಿ, ಎರಡು ಪುಟ ಮೀರದಂತೆ ಬರೆದಿರಲಿ. ಉಪಾಧ್ಯಾಯರು ಕಾಗುಣಿತವನ್ನು ತಿದ್ದಬಹುದು, ವಾಕ್ಯಗಳನ್ನು ತಿದ್ದಬಾರದು. ಕಾಸರಗೋಡಿನಿಂದ ಬರುವ ವರದಿಗಳಿಗೆ ಮೊದಲ ಸ್ಥಳ.